ಹೊಸ್ತಿಲಾಚೆ ನಿಂತಿರುವ ಅಧಿಕಾರಿಗಳಿಗೆ

ಮಾನ್ಯ ತಪಾಸಣಾಧಿಕಾರಿಗಳೇ,

ತಮ್ಮ ಹೆಸರು ನನಗೆ ಗೊತ್ತಿಲ್ಲ. ತಮ್ಮನ್ನು ನೋಡಿದ್ದು ಒಂದೇ ಸಲ, 1979ರ ಜನವರಿಯಲ್ಲಿ. ನಾನಾಗ ಮೂರನೇ ಕ್ಲಾಸು. ನಮ್ಮ ಕೊಂಡಜ್ಜಿ ಊರಿನವರು ತಮ್ಮನ್ನು ‘ರೇಡಿಯೋ ಇನ್ಸ್‌ಪೆಕ್ಟ್ರು’ ಅನ್ನುತ್ತಿದ್ದರು. ತಾವು ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷಗಳಾಗಿರಬೇಕು. ಎಲ್ಲಿದ್ದರೂ ಆರೋಗ್ಯವಾಗಿರಿ. ಈ ಪತ್ರ ತಮಗೂ ಸೇರಿದ್ದು, ತಮ್ಮ ನಂತರ ಕಾಗದ ಹಿಡಿದು ಜನರ ಮನೆಬಾಗಿಲಿಗೆ ಬರುವ ಎಲ್ಲ ಅಧಿಕಾರಿಗಳಿಗೂ ಸೇರಿದ್ದು.

ಮೊದಲು ಸಲ್ಲಬೇಕಾದ ಕೃತಜ್ಞತೆ ಸಲ್ಲಿಸಿಬಿಡುತ್ತೇನೆ. ಆಗ ರೇಡಿಯೋ ಇಟ್ಟುಕೊಳ್ಳಲು ವರ್ಷಕ್ಕೆ 15 ರೂಪಾಯಿ, ಟಿ.ವಿ.ಗೆ 50 ರೂಪಾಯಿ. ಅಂಚೆ ಕಚೇರಿಯಲ್ಲಿ ಹಣ ಕಟ್ಟಿದರೆ ಲೈಸೆನ್ಸ್ ಪುಸ್ತಕಕ್ಕೆ ಅದಕ್ಕೆಂದೇ ಇದ್ದ ಸ್ಟಾಂಪು ಅಂಟಿಸಿ ಮುದ್ರೆ ಒತ್ತುತ್ತಿದ್ದರು. ಆಕಾಶವಾಣಿ ನಡೆಯಲಿ ಅಂತ ಕೊಡುವ ದುಡ್ಡು ಇದು, ಬಾಕಿ ಇಡಬಾರದು ಅನ್ನುತ್ತಿದ್ದರು ನಮ್ಮಪ್ಪ. ಭದ್ರಾವತಿ, ಧಾರವಾಡ ಕೇಂದ್ರಗಳ ವಾರ್ತೆ, ನಾಟಕ, ರೈತರ ಕಾರ್ಯಕ್ರಮ, ಕ್ರಿಕೆಟ್ ಕಾಮೆಂಟರಿ ಎಲ್ಲ ಆ ಪೆಟ್ಟಿಗೆಯಿಂದಲೇ ನಮ್ಮ ಪಡಸಾಲೆಗೆ ಬಂದವು. ಹಣ ಕಟ್ಟದವರು ಇದ್ದರು, ಅವರನ್ನು ಹುಡುಕುವುದು ತಮ್ಮ ಕೆಲಸವಾಗಿತ್ತು. ಕೆಲಸದ ಬಗ್ಗೆ ನನ್ನ ತಕರಾರಿಲ್ಲ.

ಆ ದಿನ ತಾವು ನಮ್ಮ ಮನೆಗೆ ಬಂದದ್ದು ಮಟಮಟ ಮಧ್ಯಾಹ್ನ. ಅಪ್ಪ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಮೊದಲ ಪಾಳಿಗೆ ಹೋಗಿದ್ದರು. ಡಿಸೆಂಬರಿನಲ್ಲೇ ಹಣ ಕಟ್ಟಿ ಸ್ಟಾಂಪು ಹಚ್ಚಿಸಿದ್ದ ಪುಸ್ತಕ ಅವರ ಊಟದ ಚೀಲದಲ್ಲೇ ಉಳಿದುಬಿಟ್ಟಿತ್ತು. ಅವ್ವ ಬಾಗಿಲಲ್ಲಿ ನಿಂತು, “ಯಜಮಾನ್ರು ಮನ್ಯಾಗಿಲ್ಲ ಸಾರ್, ಸಂಜಿಕೆ ಬರ್ತಾರೆ, ಪುಸ್ತಕ ಅವರ ಹತ್ರ ಐತಿ” ಅಂದಳು. ತಾವು ಚಪ್ಪಲಿ ಬಿಟ್ಟು ಒಳಗೆ ಬಂದಿರಿ. ಆ ಮರ್ಯಾದೆಯನ್ನು ನಾನು ಮರೆತಿಲ್ಲ. ಒಳಗೆ ಬರಲೇ ಎಂದು ಮಾತ್ರ ತಾವು ಕೇಳಲಿಲ್ಲ.

ರೇಡಿಯೋ ಗೂಡಿನಲ್ಲೇ ಇತ್ತು, ಅವ್ವ ಹೆಣೆದ ಬಿಳಿ ಹೊದಿಕೆ ಹೊದ್ದು, ಎಲ್ಲರಿಗೂ ಕಾಣುವಂತೆ. ಬಚ್ಚಿಡುವ ಮನೆಯವರು ಹಾಗೆ ಇಡುತ್ತಾರೆಯೇ ಸ್ವಾಮಿ? ಪುಸ್ತಕ ಇಲ್ಲೇ ಎಲ್ಲೋ ಇರಬೇಕು ಎಂದು ತಾವು ಅವ್ವನ ಟ್ರಂಕು ತೆಗೆಸಿದಿರಿ. ಅವಳ ಧಾರೆ ಸೀರೆ, ಅದರ ಮಡಿಕೆಯಲ್ಲಿದ್ದ ನುಸಿಗುಳಿಗೆ, ತವರಿನಿಂದ ಬಂದ ಕಾಗದಗಳ ಕಟ್ಟು, ನನ್ನ ಹಾಲುಗಡಗ ಎಲ್ಲವೂ ಚಾಪೆಯ ಮೇಲೆ ಬಂದವು. ಬೀದಿಯ ಜನ ಕಿಟಕಿಗೆ ಮುಖವಿಟ್ಟು ನೋಡುತ್ತಿದ್ದರು. ತಾವು ಕೆಟ್ಟ ಮಾತು ಒಂದೂ ಆಡಲಿಲ್ಲ, ಅದಕ್ಕೂ ನಾನು ಋಣಿ. ರೇಡಿಯೋ ಎತ್ತಿಕೊಂಡು ಹೊರಟಿರಿ. ಒಂದು ಚೀಟಿಯನ್ನೂ ಬರೆದು ಕೊಡಲಿಲ್ಲ.

ಮಾರನೆಯ ದಿನ ಅಪ್ಪ ಪಾಳಿ ಬಿಟ್ಟು, ಪುಸ್ತಕ ಹಿಡಿದು ತಮ್ಮ ಕಚೇರಿಗೆ ಬಂದರು. ಸ್ಟಾಂಪು ನೋಡಿದಿರಿ, ಮುದ್ರೆ ನೋಡಿದಿರಿ, ಸರಿಯಾಗಿದೆ ಅಂದಿರಿ. ರೇಡಿಯೋ ಮನೆಗೆ ಬಂದದ್ದು ಮೂರು ವಾರದ ಮೇಲೆ. ಟ್ಯೂನಿಂಗ್ ತಿರುಗಿಸುವ ಗುಂಡಿ ಇರಲಿಲ್ಲ. ಅಪ್ಪ ಅದಕ್ಕೊಂದು ಮರದ ಬಿರಡೆ ಕೆತ್ತಿ ಸಿಕ್ಕಿಸಿದರು.

ಮನೆ ಶೋಧಿಸುವಾಗ ಆ ಬಡಾವಣೆಯ ಇಬ್ಬರು ಗೌರವಸ್ಥ ಸಾಕ್ಷಿಗಳಿರಬೇಕು, ವಶಪಡಿಸಿಕೊಂಡ ಸಾಮಾನಿನ ಪಟ್ಟಿಯ ಪ್ರತಿ ಮನೆಯವರ ಕೈಗೆ ಸೇರಬೇಕು ಎಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 100ನೇ ಕಲಮು ಹೇಳುತ್ತಿತ್ತು. ಅವ್ವನಿಗೆ ಅದು ಗೊತ್ತಿರಲಿಲ್ಲ. ತಮಗೆ ಗೊತ್ತಿತ್ತೇ ಎಂದು ಇವತ್ತಿಗೂ ಕೇಳಬೇಕೆನಿಸುತ್ತದೆ.

ತಮ್ಮ ಕೈಯಲ್ಲಿದ್ದ ಅಧಿಕಾರ 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯದು. ಲೈಸೆನ್ಸ್ ಇಲ್ಲದ ರೇಡಿಯೋ ಇದ್ದೀತು ಎಂದು ನಂಬಲು ಕಾರಣವಿದ್ದರೆ ಸಾಕು, ಕೇಂದ್ರ ಸರ್ಕಾರ ನೇಮಿಸಿದ ಅಧಿಕಾರಿ ಯಾವ ಕಟ್ಟಡವನ್ನಾದರೂ ಶೋಧಿಸಬಹುದು ಎಂದು ಅದರ 7ನೇ ಕಲಮು ಹೇಳುತ್ತಿತ್ತು. ಮ್ಯಾಜಿಸ್ಟ್ರೇಟರ ವಾರಂಟಿನ ಮಾತೇ ಅದರಲ್ಲಿರಲಿಲ್ಲ. ಮೊದಲ ಸಲದ ತಪ್ಪಿಗೆ ಗರಿಷ್ಠ ದಂಡ ನೂರು ರೂಪಾಯಿ. ನೂರು ರೂಪಾಯಿ ದಂಡದ ತಪ್ಪಿಗೆ ಹೆಂಗಸಿನ ಟ್ರಂಕಿನ ತಳದವರೆಗೆ ಕೈ ಹಾಕುವ ಅಧಿಕಾರ! ಈ ಕಾಯ್ದೆ ಬರೆದುಕೊಟ್ಟ ಬ್ರಿಟಿಷರ ನಾಡಿನಲ್ಲಿ ಇವತ್ತಿಗೂ ಟಿ.ವಿ. ಲೈಸೆನ್ಸ್ ಇದೆ. ಅಲ್ಲಿ ತಪಾಸಣೆಗೆ ಬಂದವನು, ಮನೆಯವರು ಬನ್ನಿ ಎನ್ನದಿದ್ದರೆ, ವಾರಂಟೂ ಇಲ್ಲದಿದ್ದರೆ, ಆಚೆಯಿಂದಲೇ ಹಿಂತಿರುಗಬೇಕು. ಬ್ರಿಟಿಷರು ತಮ್ಮ ನಾಡಿನ ಹೊಸ್ತಿಲಿಗೆ ಒಂದು ಬೆಲೆ, ನಮ್ಮ ಹೊಸ್ತಿಲಿಗೆ ಒಂದು ಬೆಲೆ ಕಟ್ಟಿ ಹೋದರು. ಸ್ವಾತಂತ್ರ್ಯ ಬಂದು 32ನೇ ವರ್ಷದಲ್ಲೂ ನಾವು ಅದೇ ಬೆಲೆಯನ್ನೇ ಒಪ್ಪಿಕೊಂಡಿದ್ದೆವು.

ಇನ್ನೊಂದು ಮಾತು ತಮಗೆ ಅರಿಕೆ ಮಾಡಬೇಕು. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರ ಶುರುಮಾಡಿದ್ದು ತಮ್ಮ ಸ್ವಂತ ಮನೆಯಲ್ಲಿ. ‘ಆಕಾಶವಾಣಿ’ ಎಂಬ ಹೆಸರು ಹತ್ತಿದ್ದು ಅಲ್ಲಿಯೇ. ಒಬ್ಬ ಗೃಹಸ್ಥನ ಮನೆಯಲ್ಲಿ ಹುಟ್ಟಿದ ದನಿ ಅದು. ಆ ದನಿಯ ಹೆಸರು ಹೇಳಿಕೊಂಡು ಗೃಹಸ್ಥರ ಮನೆಗೆ ಅಪ್ಪಣೆಯಿಲ್ಲದೆ ನುಗ್ಗುವುದು ಆ ಹೆಸರಿಗೇ ಒಪ್ಪುವಂಥದ್ದಲ್ಲ.

ಎಂಬತ್ತರ ದಶಕದ ನಡುವೆ ಲೈಸೆನ್ಸ್ ಪದ್ಧತಿ ಹೋಯಿತು. ಆಮೇಲೆ ಕೇಬಲ್ ಬಂತು, ಸೆಟ್-ಟಾಪ್ ಡಬ್ಬಿ ಬಂತು. 2019ರಲ್ಲಿ ನೂರು ಚಾನೆಲ್ಲಿಗೆ 130 ರೂಪಾಯಿ, ಮೇಲೆ ಜಿ.ಎಸ್.ಟಿ. ಎಂಬ ಲೆಕ್ಕವೂ ಬಂತು. ಹಣ ಕಟ್ಟದಿದ್ದರೆ ಚಿತ್ರ ನಿಲ್ಲುತ್ತದೆ, ಅಷ್ಟೇ. ಯಾರೂ ಟ್ರಂಕು ತೆಗೆಸುವುದಿಲ್ಲ.

ಹಾಗಾದರೆ ಈಗೇಕೆ ಈ ಪತ್ರ ಎಂದು ತಾವು ಕೇಳಬಹುದು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 80 ದಾಟಿದ ಹಿರಿಯರು ಆಧಾರ್ ವಿಷಯದಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರಿಂದ ದೇಶದ ಪ್ರತಿ ಮನೆಯ ಹೊಸ್ತಿಲೂ ಎತ್ತರವಾಯಿತು. ಆ ತೀರ್ಪು ಪೇಪರಿನಲ್ಲಿ ಬಂದ ದಿನ ನಾನು ಅದನ್ನು ಅವ್ವನಿಗೆ ಓದಿ ಹೇಳಿದೆ. “ಆವಾಗ ಇತ್ತೇನಪ್ಪ ಇದು?” ಅಂತ ಕೇಳಿದಳು.

ಅದಾಗಿ ಆರು ವರ್ಷಕ್ಕೆ, 1933ರ ಕಾಯ್ದೆಯ ಜಾಗಕ್ಕೆಂದು 2023ರ ದೂರಸಂಪರ್ಕ ಕಾಯ್ದೆ ಬಂತು. ಅದರ 43ನೇ ಕಲಮು ಓದಿದೆ. ಅನಧಿಕೃತ ಉಪಕರಣ ಇದೆಯೆಂದು ನಂಬಲು ಕಾರಣವಿದ್ದರೆ ಅಧಿಕಾರ ಪಡೆದವರು ಯಾವ ಕಟ್ಟಡವನ್ನಾದರೂ ಶೋಧಿಸಬಹುದು, ವಸ್ತುವನ್ನು ವಶಕ್ಕೆ ತೆಗೆದುಕೊಳ್ಳಬಹುದು. ಅದೇ ಮಾತು, ತೊಂಬತ್ತು ವರ್ಷದ ಹಳೆಯ ಮಾತು. ಮನೆಯ ರೇಡಿಯೋಗೆ ಇವತ್ತು ಲೈಸೆನ್ಸ್ ಬೇಕಿಲ್ಲ ನಿಜ. ದೇಶದ ಸುರಕ್ಷತೆಗೆ ಇಂಥ ಅಧಿಕಾರ ಬೇಕಾಗುವ ಸಂದರ್ಭಗಳೂ ಇರುತ್ತವೆ, ಒಪ್ಪುತ್ತೇನೆ. ಆದರೆ ಅಧಿಕಾರ ಎಲ್ಲಿ ನಿಲ್ಲಬೇಕೆಂದು ಬರೆಯದೆ ಬಿಟ್ಟರೆ, ಅದು ನಿಲ್ಲುವುದು ಟ್ರಂಕಿನ ತಳದಲ್ಲಿ. ನಾನು ಅದನ್ನು ಕಣ್ಣಾರೆ ಕಂಡವನು.

ಆದ್ದರಿಂದ, ಮಾನ್ಯರೇ, ನಮ್ಮ ಪ್ರಾರ್ಥನೆ ಇಷ್ಟೇ. ಬನ್ನಿ, ಬಾಗಿಲು ತಟ್ಟಿ. ಹೆಸರು ಹೇಳಿ, ಗುರುತಿನ ಚೀಟಿ ತೋರಿಸಿ, ಯಾವ ಕಾನೂನಿನ ಯಾವ ಕಲಮಿನಡಿ ಬಂದಿದ್ದೀರಿ ಎಂದು ತಿಳಿಸಿ. ಮನೆಯಲ್ಲಿ ಹೆಂಗಸರು ಮಾತ್ರ ಇದ್ದರೆ ಯಜಮಾನರು ಬರುವವರೆಗೆ ಕಟ್ಟೆಯ ಮೇಲೆ ಕೂತಿರಿ, ನೀರು ಬೆಲ್ಲ ಕೊಡುವ ಊರು ನಮ್ಮದು. ಒಳಗೆ ಬರಲೇಬೇಕಾದರೆ ಇಬ್ಬರು ಹಿರಿಯರನ್ನು ಕರೆದುಕೊಂಡು ಬನ್ನಿ, ಏನಾದರೂ ಒಯ್ದರೆ ಪಟ್ಟಿ ಬರೆದು ಕೈಗಿಡಿ. ಓದುಗರಲ್ಲೂ ಒಂದು ವಿನಂತಿ: ಬಾಗಿಲಿಗೆ ಬಂದವರನ್ನು ಕಾಗದ ಕೇಳಿ. ಅದು ಅವಿನಯವಲ್ಲ, ನಮ್ಮ ಹಕ್ಕು.

ಆ ರೇಡಿಯೋ ಈಗಲೂ ನಮ್ಮ ಮನೆಯಲ್ಲಿದೆ, ಮರದ ಬಿರಡೆಯ ಸಮೇತ. ತಾವು ಬಂದು ಹೋದ ಮೇಲೆ ಅವ್ವ ಅದನ್ನು ಗೂಡಿನಲ್ಲಿಡಲಿಲ್ಲ. ಅಡಿಗೆಮನೆಯಲ್ಲಿ ಜೋಳದ ಚೀಲದ ಹಿಂದಿಟ್ಟು, ಸಣ್ಣಗೆ ಹಚ್ಚಿ, ಪ್ರತಿ ಮಧ್ಯಾಹ್ನ ನನ್ನನ್ನು ಬೀದಿಗೆ ಕಳಿಸುತ್ತಿದ್ದಳು: “ಹೊರಗ ಕೇಳಿಸ್ತತೇನೋ ನೋಡಿ ಬಾರಪ್ಪ.” ಆ ವರ್ಷದ 15 ರೂಪಾಯಿಯನ್ನು ನಾವು ಕಟ್ಟಿದ್ದೆವು.

ಇಂತಿ ತಮ್ಮ ವಿಶ್ವಾಸಿ,
ಕೊಂಡಜ್ಜಿಯ ಒಬ್ಬ ಮನೆಯೊಡೆಯ