ಮುಚ್ಚಳ ಯಾಕೆ ದುಂಡಗಿದೆ?

ಮ್ಯಾನ್‌ಹೋಲ್ ಮುಚ್ಚಳ ಯಾಕೆ ದುಂಡಗಿರುತ್ತೆ? ಜಲಮಂಡಳಿಯ ನೇಮಕಾತಿ ಪರೀಕ್ಷೆಯಲ್ಲ ಸ್ವಾಮಿ, ಒಂದು ಕಾಲಕ್ಕೆ ಮೈಕ್ರೋಸಾಫ್ಟ್‌ನವರು ಸಾಫ್ಟ್‌ವೇರ್ ಹುಡುಗರನ್ನು ಕೂರಿಸಿಕೊಂಡು ಕೇಳುತ್ತಿದ್ದ ಪ್ರಶ್ನೆ. ದುಂಡಗಿದ್ದರೆ ಹೇಗೆ ತಿರುಗಿಸಿದರೂ ಗುಂಡಿಯೊಳಕ್ಕೆ ಬೀಳೋದಿಲ್ಲ ಅನ್ನೋದು ಉತ್ತರ. ಬೆಂಗಳೂರಿನವನಾದರೆ 'ಮುಚ್ಚಳ ಇದೆಯಾ, ಮೊದಲು ನೋಡಿ' ಅಂದು ಕೆಲಸ ಕಳಕೊಳ್ಳುತ್ತಿದ್ದ. ನನ್ನ ಕೇಳಿದರೆ ಇಂಜಿನಿಯರ್ ಅಂದರೆ ಅವನೇ.

ನಮ್ಮಲ್ಲೇನು ಕಮ್ಮಿ? ಆಗೆಲ್ಲ ಕಾಲೇಜಿಗೆ ಇನ್ಫೋಸಿಸ್ ಬರುತ್ತೆ ಅಂದರೆ ಸಾಕು, ಹಾಸ್ಟೆಲಿನಲ್ಲಿ ಪಠ್ಯಪುಸ್ತಕ ಮಂಚದ ಕೆಳಗೆ, ಶಕುಂತಲಾದೇವಿಯವರ ಒಗಟಿನ ಪುಸ್ತಕದ ಜೆರಾಕ್ಸ್ ದಿಂಬಿನ ಮೇಲೆ. ಆ ತಾಯಿ 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದ್ದು ತಲೆಯಿಂದ. ನಮ್ಮ ಹುಡುಗರು ಗುಣಿಸಿದ್ದು ಪುಸ್ತಕದ ಕೊನೇ ಪುಟಗಳಿಂದ.

ಇನ್ನು ಆ 25 ಕುದುರೆಗಳು. ಒಂದು ಸಲಕ್ಕೆ 5 ಮಾತ್ರ ಓಡಬಹುದು, ಗಡಿಯಾರ ಇಲ್ಲ, ಅತಿ ವೇಗದ 3 ಕುದುರೆ ಹುಡುಕೋಕೆ ಕನಿಷ್ಠ ಎಷ್ಟು ಓಟ? 7 ಅಂತ ಹುಡುಗನಿಗೆ ಹಿಂದಿನ ರಾತ್ರಿಯೇ ಗೊತ್ತು. ಆದರೆ ತಟ್ಟನೆ ಹೇಳಿದನೋ, ಕೆಟ್ಟ. ಅದಕ್ಕೇ ಮಾರ್ಕರ್ ಮುಚ್ಚಳ ಕಚ್ಚುತ್ತಾನೆ. ಸೂರು ನೋಡುತ್ತಾನೆ. '11?' ಅಂತ ಬರೆದು, ಅಂಗೈಯಲ್ಲಿ ಅಳಿಸಿ, '8... ತಾಳಿ ಸಾರ್!' ಅಂದು ಕಡೆಗೆ 7ಕ್ಕೆ ಬರುತ್ತಾನೆ. ಎದುರಿಗೆ ಕೂತವರ ಮುಖದಲ್ಲಿ ಮೊಮ್ಮಗ ನಡೆಯೋಕೆ ಕಲಿತಷ್ಟು ಸಂತೋಷ. ಇಷ್ಟಕ್ಕೆ ಕ್ಯಾಂಪಸ್ಸು ಯಾಕೆ, ನೇರ ಹೆಗ್ಗೋಡಿಗೇ ಹೋಗಿ ನೀನಾಸಂ ಹುಡುಗರನ್ನು ಕರಕೊಂಡು ಬರಬಹುದಿತ್ತು.

ಗೂಗಲ್‌ನ ನೇಮಕಾತಿ ನೋಡಿಕೊಳ್ಳುತ್ತಿದ್ದ ಲಾಸ್ಲೋ ಬಾಕ್ 2013ರಲ್ಲಿ ಇಂಥ ಒಗಟೆಲ್ಲ ಶುದ್ಧ ಕಾಲಹರಣ, ಕೇಳೋನಿಗೆ ತಾನು ಜಾಣ ಅನ್ನಿಸೋಕಷ್ಟೇ ಉಪಯೋಗ ಅಂತ ಒಪ್ಪಿಕೊಂಡುಬಿಟ್ಟರು. ಕುದುರೆಗಳು ಲಾಯ ಸೇರಿದವು, ಸರಿ. ಆ ಜಾಗಕ್ಕೆ ಬಂದದ್ದು ಮರ. ಮ್ಯಾಕ್ ಇಟ್ಟುಕೊಂಡ ಪ್ರೋಗ್ರಾಮರುಗಳು ದಿನಬೆಳಗಾದರೆ ಬಳಸೋ ಹೋಮ್‌ಬ್ರೂ ಬರೆದ ಮ್ಯಾಕ್ಸ್ ಹೋವೆಲ್‌ಗೆ 2015ರಲ್ಲಿ ಅದೇ ಗೂಗಲ್ ಬೇಡ ಅಂದಿತು. ತಮ್ಮ ಇಂಜಿನಿಯರುಗಳಲ್ಲಿ ಶೇ. 90 ಜನ ಅವನ ಸಾಫ್ಟ್‌ವೇರನ್ನೇ ಬಳಸುತ್ತಾರೆ, ಆದರೆ ಬೋರ್ಡಿನ ಮೇಲೆ ಬೈನರಿ ಟ್ರೀ ತಲೆಕೆಳಗು ಮಾಡೋಕೆ ಅವನಿಗೆ ಬರಲಿಲ್ಲವಲ್ಲ! ಹಾಗಂತ ಟ್ವಿಟರಿನಲ್ಲಿ ಹೊಟ್ಟೆ ಉರಕೊಂಡದ್ದು ಅವನೇ.

ಇಷ್ಟೆಲ್ಲ ಯಾಕೆ, ವರ್ಷಗಟ್ಟಲೆ ಹಳೆಯದಾದ, ಯಾರೋ ಬರೆದು ಬಿಟ್ಟುಹೋದ ಒಂದು ಕೋಡ್ ಕೊಡಿ, ಅದರಲ್ಲಿರೋ ಬಗ್ ಹುಡುಕಲಿ, ಪಕ್ಕದಲ್ಲಿ ಒಂದು ಗಂಟೆ ಕೂತು ನೋಡಿ ಅಂತ ಸಂದರ್ಶನ ಮಾಡೋ ಗೆಳೆಯನೊಬ್ಬನಿಗೆ ಹೇಳಿದೆ. ಅವನು ಗಾಬರಿಬಿದ್ದ.

"ಹಾಗಾದ್ರೆ ಆ ಕೋಡನ್ನ ನಾನೂ ಓದ್ಬೇಕಾಗುತ್ತಲ್ಲೋ!"