ಆಸಾಡಿ ಅಮಾಸಿಗೆ ಊರು ತೋರಿಸಿ

ಹ್ವಾಯ್ ಅಕ್ಕಯ್ಯ, ಬೆಂಗಳೂರಿಂದ ನಿಮ್ಮ ಮೊಮ್ಮಕ್ಕಳು ಆಸಾಡಿ ಅಮಾಸಿಗೆ ಬರ್ತಾರಂತಲ್ಲ? ಬಹಳ ಒಳ್ಳೇದಾಯ್ತು. ಆದರೆ ಕುಂದಾಪ್ರ ಕನ್ನಡ ದಿನದ ಸಭೆ ಮುಗಿಸಿ, ಫೋಟೊ ತೆಗೆಸಿ ಹಾಗೇ ಬಸ್ ಹತ್ತಿಸಬೇಡಿ. ಒಂದು ಟೆಂಪೊ ಮಾಡಿ, ಕೇರಿಯ ಮಕ್ಕಳನ್ನೆಲ್ಲ ಕೂರಿಸಿಕೊಂಡು ಊರು ಸುತ್ತಿಸಿ.

2019ರಿಂದ ಆ ಅಮಾಸಿಯನ್ನು ವಿಶ್ವ ಕುಂದಾಪ್ರ ಕನ್ನಡ ದಿನ ಅಂತ ಆಚರಿಸ್ತಾ ಇದ್ದೇವೆ. ದೂರ ಹೋದವರಿಗೇ ಊರ ಹಬ್ಬದ ಹಂಬಲ ಜಾಸ್ತಿ. ಐರ್ಲೆಂಡಿನವರನ್ನೇ ಕಾಣಿ. ಮಾರ್ಚ್ 17 ಅವರ ಸೇಂಟ್ ಪ್ಯಾಟ್ರಿಕ್ ದಿನ. ಅಮೆರಿಕಕ್ಕೆ ಹೋದವರು ನ್ಯೂಯಾರ್ಕಿನಲ್ಲಿ 1762ರಲ್ಲೇ ಅದಕ್ಕೆ ಮೆರವಣಿಗೆ ತೆಗೆದ್ರು. ಅವರಿಗೆ ಊರು ಮಹಾಸಮುದ್ರದ ಆಚೆ ಉಳೀತು. ನಮ್ಮ ಮಕ್ಕಳಿಗೆ ಊರಂದ್ರೆ ಒಂದು ರಾತ್ರಿಯ ಬಸ್ ದಾರಿ. ಹಾಗಿರುವಾಗ ಬರೀ ವೇದಿಕೆಯಲ್ಲಿ ಹಬ್ಬ ಮುಗಿಸೋದು ಎಂತಕ್ಕೆ?

ಮಳೆಯಲ್ಲಿ ಎಂತ ತೋರಿಸೋದು ಅಂತೀರಾ? ಮೊದಲು ಮರವಂತೆಗೇ ಹೋಗಿ. ಮಹಾರಾಜಸ್ವಾಮಿ ದೇವಸ್ಥಾನದಲ್ಲಿ ಅವತ್ತೇ ಜಾತ್ರೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಜನ ಮಿಂದು ಬಂದು ಆ ದೇವಸ್ಥಾನದ ವರಾಹಸ್ವಾಮಿಗೆ ಕೈ ಮುಗೀತಾರೆ. ಹೊಸತಾಗಿ ಮದುವೆಯಾದವರು ಜೋಡಿಯಾಗಿ ಬರೋದು ಇಲ್ಲಿನ ಕ್ರಮ. ಮೀನುಗಾರರೂ ಬೇಸಾಯದವರೂ ಒಟ್ಟಿಗೆ ನಿಂತಿರ್ತಾರೆ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ. ಗದ್ದೆಯಲ್ಲಿ ನಟ್ಟಿಯ ಅವಸರವೂ ಆ ಹೊತ್ತಿಗೆ ತಗ್ಗಿರ್ತದೆ. ಕಡಲು, ಗದ್ದೆ ಎರಡೂ ಕಡೆಯವರಿಗೆ ಬಿಡುವು ಸಿಗುವ ಕಾಲದ ಹಬ್ಬ ಇದು ಅಂತ ಮಕ್ಕಳಿಗೆ ಅಲ್ಲೇ ನಿಂತು ಹೇಳಿ. ಕಡಲು ಮಾತ್ರ ಆಗ ಬಹಳ ಜೋರು. ಮಕ್ಕಳ ಕೈ ಬಿಡಬೇಡಿ, ಎಲ್ಲರೂ ಮೀಯುವ ಜಾಗ ಬಿಟ್ಟು ಆಚೆ ಇಳಿಸಬೇಡಿ.

ಅಲ್ಲಿಂದ ಬೈಂದೂರಿಗೆ ಹೋಗಿ ಪಡುವರಿಯ ಸೋಮೇಶ್ವರ, ಒತ್ತಿನೆಣೆಯ ಗುಡ್ಡ ನೋಡಿ. ಬರುವಾಗ ಗಂಗೊಳ್ಳಿಯಲ್ಲಿ ಇಳೀರಿ. ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿ ಐದು ನದಿ ಕೂಡಿ ಕಡಲಿಗೆ ಹೋಗುವ ಪಂಚಗಂಗಾವಳಿ ಮಳೆಗಾಲದಲ್ಲೇ ಅದರ ಪೂರ್ತಿ ಅಗಲ ತೋರಿಸೋದು.

ಮಧ್ಯಾಹ್ನದ ಮೇಲೆ ಬ್ರಹ್ಮಾವರದ ಕಡೆ. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಈ ಕರಾವಳಿಯ ಮಳೆ, ಮರಳು, ಬಡತನ ಎಲ್ಲವನ್ನೂ ‘ಮರಳಿ ಮಣ್ಣಿಗೆ’ಯಲ್ಲಿ ಬರೆದ್ರು. ಶಾಲೆಯ ಪುಸ್ತಕದಲ್ಲಿ ಅವರ ಹೆಸರು ಓದುವ ಮಕ್ಕಳು ಅವರ ನೆಲವನ್ನೂ ಒಮ್ಮೆ ಕಾಣಲಿ. ಬಾರ್ಕೂರು ಬಿಡಲೇಬೇಡಿ. ಆಳುಪರ ರಾಜಧಾನಿಯಾಗಿದ್ದ ಊರು, ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ಕೇಂದ್ರ. ಕತ್ತಲೆ ಬಸದಿಯ ಕಲ್ಲುಕಂಬಗಳ ನಡುವೆ ಮಕ್ಕಳನ್ನು ಸ್ವಲ್ಪ ಹೊತ್ತು ಓಡಾಡಲು ಬಿಡಿ.

ಇನ್ನೊಂದು ಮಾತು ಅಕ್ಕಯ್ಯ. ಟೆಂಪೊದಲ್ಲಿ ಮುಂದಿನ ಸೀಟು ಕೇರಿಯ ಹಿರಿಯರೊಬ್ಬರಿಗೆ ಇಡಿ. ದಾರಿಯುದ್ದಕ್ಕೂ ಅವರು ನಮ್ಮ ಕುಂದಾಪ್ರ ಕನ್ನಡದಲ್ಲೇ ಮಾತಾಡಲಿ. ಗದ್ದೆ, ಹೊಳೆ, ದೋಣಿ ಕಂಡುಕೊಂಡು ಕೇಳಿದ ಮಾತು ಮಕ್ಕಳ ಬಾಯಲ್ಲಿ ನಿಲ್ತದೆ. ಭಾಷೆಯ ಹೆಸರಿನ ಹಬ್ಬಕ್ಕೆ ಅದಕ್ಕಿಂತ ದೊಡ್ಡ ಕೆಲಸ ಬೇರೆ ಇಲ್ಲ. ಟೆಂಪೊದವರಿಗೆ ಇವತ್ತೇ ಹೇಳಿಡಿ.