ಮಾವನವರ ಮೀಸೆಯವರೆಗೆ

ಲಘುಕೋನ, ಲಂಬಕೋನ, ವಿಶಾಲಕೋನ, ಸರಳಕೋನ ಎಂದು ಹೈಸ್ಕೂಲು ಮಕ್ಕಳಿಂದ ವರ್ಷಾನುಗಟ್ಟಲೆ ಬಾಯಿಪಾಠ ಮಾಡಿಸಿ ನಿವೃತ್ತಳಾದವಳು ನಾನು. ಇವೆಲ್ಲ ನಮ್ಮ ಕಂಕುಳಲ್ಲೇ ವಾಸವಾಗಿವೆ ಎಂದು ಗೊತ್ತಾದದ್ದು ಬಲಭುಜದ ಆಪರೇಷನ್ ಆದಮೇಲೆ. ತೋಳು ಕಿವಿಗೆ ತಾಗುವಂತೆ ನೆಟ್ಟಗೆ ಮೇಲೆದ್ದರೆ 180 ಡಿಗ್ರಿ. ಸ್ಲಿಂಗ್ ಬಿಚ್ಚಿದಾಗ ನನ್ನದು ಲಘುಕೋನದಲ್ಲೇ ನರಳುತ್ತಿತ್ತು. ಫಿಸಿಯೋಥೆರಪಿಯ ಹುಡುಗಿ ಗೋನಿಯೋಮೀಟರ್ ಎಂಬುದನ್ನು ತೋಳಿಗೆ ಹಿಡಿದು ಅಳೆದಳು. ಹೆಸರು ದೊಡ್ಡದು; ಕಂಪಾಸ್ ಬಾಕ್ಸಿನ ಕೋನಮಾಪಕಕ್ಕೆ ಎರಡು ಕಡ್ಡಿ ಸೇರಿಸಿದರೆ ಅದೇ.

ಭುಜದ ಕೀಲಿನಲ್ಲಿ ಗುಂಡು ದೊಡ್ಡದು, ಅದು ಕೂರುವ ಗುಳಿ ಚಿಕ್ಕದು, ಆಳವೂ ಇಲ್ಲ. ಅದಕ್ಕೇ ಮೈಯಲ್ಲಿ ಬೇರಾವ ಕೀಲಿಗೂ ಇಲ್ಲದ ಸ್ವಾತಂತ್ರ್ಯ ಇದಕ್ಕೆ. ಗುಂಡು ಜಾರದ ಹಾಗೆ ನಾಲ್ಕು ಸ್ನಾಯುಗಳು ಸುತ್ತುಗಟ್ಟಿ ಹಿಡಿದಿರುತ್ತವೆ. ರೊಟೇಟರ್ ಕಫ್ ಅನ್ನುತ್ತಾರೆ. ನನಗೆ ಹರಿದದ್ದು ಅದರಲ್ಲಿ ಮೇಲುಗಡೆಯದು. ಕರಿಹಲಗೆಯ ಮೇಲಂಚಿನಲ್ಲಿ ಪೈಥಾಗೊರಸನನ್ನು ಬರೆದೂ ಬರೆದೂ ಹರಿಯಿತೆಂದು ನನ್ನ ವಾದ. ವಯಸ್ಸು ಎಂದು ಡಾಕ್ಟರ ತೀರ್ಪು. ಹೊಲಿದದ್ದು ಕೂಡಿಕೊಳ್ಳಲು ಸುಮಾರು ಆರು ವಾರ ಕೈ ತನ್ನ ಬಲದಿಂದ ಏಳಬಾರದು. ಹಾಗೇ ಬಿಟ್ಟರೆ ಕೀಲಿನ ಸುತ್ತಲ ಚೀಲ ಬಿಗಿದುಕೊಳ್ಳುತ್ತದೆ. ಹೊಲಿಗೆಗೆ ವಿಶ್ರಾಂತಿಯೇ ಬೇಕು, ಕೀಲಿಗೆ ಓಡಾಟವೇ ಬೇಕು. ಒಂದೇ ಸೂರಿನಡಿ ಇಂಥ ಇಬ್ಬರು ಬಾಳುವುದು ನನಗೇನೂ ಹೊಸದಲ್ಲ.

ಇಬ್ಬರಿಗೂ ಒಪ್ಪಿಗೆಯಾದ ಮೊದಲ ವ್ಯಾಯಾಮವೆಂದರೆ ತೂಗಾಟ. ಎಡಗೈಯಲ್ಲಿ ಮೇಜು ಹಿಡಿದು ಬಗ್ಗಿ, ಬಲಗೈಯನ್ನು ಚಪ್ಪರದಲ್ಲಿ ಕಲ್ಲು ಕಟ್ಟಿಬಿಟ್ಟ ಪಡವಲಕಾಯಿಯಂತೆ ಜೋತುಬಿಟ್ಟು, ಸೊಂಟವನ್ನು ಮೆಲ್ಲಗೆ ಆಡಿಸಬೇಕು. ಕೈ ತಾನಾಗಿ ತೂಗುತ್ತದೆ. ಹಾಲು ಹಾಕುವವನು ಬಾಗಿಲಲ್ಲಿ ನಿಂತು, "ಏನಮ್ಮಾ, ಓಲೆ ಬಿದ್ದುಹೋಯ್ತಾ?" ಎಂದು ತಾನೂ ಬಗ್ಗಿ ಹುಡುಕಿದ.

ಇದಕ್ಕೆ ಕಾಡ್‌ಮನ್ ವ್ಯಾಯಾಮವೆಂದು ಹೆಸರು. ಅರ್ನೆಸ್ಟ್ ಕಾಡ್‌ಮನ್ ಬಾಸ್ಟನ್ನಿನ ಸರ್ಜನ್, 1934ರಲ್ಲಿ ಭುಜದ ಬಗ್ಗೆಯೇ ದಪ್ಪ ಪುಸ್ತಕ ಬರೆದವನು. ನನಗೆ ಅವನು ಹಿಡಿಸಿದ್ದು ಬೇರೆ ಕಾರಣಕ್ಕೆ. ಆಪರೇಷನ್ ಆದವರನ್ನೆಲ್ಲ ವರ್ಷ ಕಳೆದ ಮೇಲೆ ಮತ್ತೆ ಕರೆಸಿ, ಗುಣವಾಯಿತೋ ಇಲ್ಲವೋ ಬರೆದಿಡಬೇಕು ಎಂದು ಹಟ ಹಿಡಿದವನು. ಮಿಕ್ಕ ಡಾಕ್ಟರುಗಳು ಒಪ್ಪದಿದ್ದಾಗ 1911ರಲ್ಲಿ ತಾನೇ ಒಂದು ಪುಟ್ಟ ಆಸ್ಪತ್ರೆ ತೆರೆದ. ಐದು ವರ್ಷದಲ್ಲಿ ಅಲ್ಲಿಂದ ಮನೆಗೆ ಹೋದವರು 337 ಮಂದಿ. ಅವರ ಚಿಕಿತ್ಸೆಯಲ್ಲಿ ಆದ 123 ತಪ್ಪುಗಳನ್ನು ಅವನೇ ಅಚ್ಚು ಹಾಕಿಸಿದ. ಫಲಿತಾಂಶದ ಪಟ್ಟಿಯನ್ನು ಶಾಲೆಯ ಗೋಡೆಗೆ ಅಂಟಿಸಿ ಗೊತ್ತಿರುವ ನನ್ನಂಥವಳಿಗೆ ಈ ಮನುಷ್ಯ ಸ್ವಂತ ಅಣ್ಣನಂತೆ ಕಂಡರೆ ಆಶ್ಚರ್ಯವಿಲ್ಲ.

ಮುಂದಿನ ಪಾಠ ಗೋಡೆ ಹತ್ತುವುದು. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಒಂದರ ಮುಂದೊಂದು ಇಡುತ್ತಾ ಮೇಲೇರಿಸಬೇಕು, ಮುಟ್ಟಿದ ಜಾಗಕ್ಕೆ ಗುರುತು ಹಾಕಬೇಕು. ನಮ್ಮ ನಡುಮನೆಯಲ್ಲಿ ಖಾಲಿ ಗೋಡೆ ಇರುವುದು ಮಾವನವರ ಫೋಟೋದ ಕೆಳಗೆ ಮಾತ್ರ. ಅವರಿದ್ದಷ್ಟು ಕಾಲ ಎದುರು ನಿಂತು ಮಾತಾಡಿದವಳಲ್ಲ ನಾನು. ಕಾಫಿ ಲೋಟವನ್ನೂ ಬಾಗಿಲ ಸಂದಿಯಿಂದಲೇ ಸರಿಸುತ್ತಿದ್ದೆ. ಈಗ ಬೆಳಿಗ್ಗೆ ಸಂಜೆ ಅವರ ಕಡೆಗೇ ಬೆರಳು ನಡೆಸುವ ಸ್ಥಿತಿ ಬಂತು. ಮೊದಮೊದಲು ಸ್ವಿಚ್ ಬೋರ್ಡು. ಆಮೇಲೆ ಚೌಕಟ್ಟಿನ ಕೆಳಪಟ್ಟಿ. ಕೋಟಿನ ಗುಂಡಿಗಳ ಹತ್ತಿರ ಬಹಳ ದಿನ ಸಿಕ್ಕಿಹಾಕಿಕೊಂಡೆ. ಫಿಸಿಯೋ ಹುಡುಗಿ ಫೋನು ಮಾಡಿ, "ಎಲ್ಲೀವರೆಗೆ ಬಂತು ಮೇಡಂ?" ಎಂದರೆ ನಮ್ಮವರು ಒಳಗಿನಿಂದ ಕೂಗುವರು: "ಅಪ್ಪನ ಗದ್ದ ಮುಟ್ಟಿದ್ದಾಳೆ, ಮೀಸೆ ಇನ್ನೂ ಬಾಕಿ!"

ಹುಡುಗಿ ಮೃದುಭಾಷಿ. ಅದೇ ಅಪಾಯ. "ನೋವಾದ್ರೆ ಹೇಳಿ ಮೇಡಂ" ಅನ್ನುತ್ತಾಳೆ. ಹೇಳಿದರೆ "ಹೌದಾ? ಇನ್ನೊಂದ್ ಚೂರು" ಅನ್ನುತ್ತಾಳೆ. ಅವಳ ಕಣ್ಣು ಮಾತ್ರ ಪರೀಕ್ಷಾ ಕೊಠಡಿಯ ಮೇಲ್ವಿಚಾರಕರದು. ಬಿಗಿದ ಭುಜ ನಕಲು ಹೊಡೆಯುವುದರಲ್ಲಿ ನಿಸ್ಸೀಮ: ಕೀಲು ತಿರುಗದಿದ್ದರೆ ಹೆಗಲನ್ನು ಕಿವಿಯತ್ತ ಎತ್ತಿ, ಸೊಂಟವನ್ನು ಪಕ್ಕಕ್ಕೆ ವಾಲಿಸಿ ಕೈ ಮೇಲೆ ಹೋದಂತೆ ತೋರಿಸುತ್ತದೆ. ಹಿಂದಿನ ಬೆಂಚಿನ ಚೀಟಿಗಳನ್ನೆಲ್ಲ ಹಿಡಿದ ನನಗೇ ಇದು ಕಾಣಲಿಲ್ಲ. ಅವಳು ಹೆಗಲ ಮೇಲೆ ಒಂದು ಬೆರಳಿಟ್ಟು ಹಿಡಿದುಬಿಟ್ಟಳು.

ಬೆನ್ನ ಹಿಂದಿನ ಲೆಕ್ಕ ಇನ್ನೂ ಸ್ವಾರಸ್ಯ. ಕೈ ಹಿಂದಕ್ಕೆ ತಿರುಗುವುದನ್ನು ಡಿಗ್ರಿಯಲ್ಲಿ ಅಳೆಯುವುದು ಕಷ್ಟವಂತೆ. ಹೆಬ್ಬೆರಳು ಯಾವ ಬೆನ್ನುಮೂಳೆಯವರೆಗೆ ಏರಿತು ಎಂದು ಬರೆದುಕೊಳ್ಳುತ್ತಾರೆ. ನನ್ನ ಹೆಬ್ಬೆರಳು ಸೀರೆಯ ನಿರಿಗೆಯ ಮಟ್ಟದಲ್ಲೇ ಧರಣಿ ಕೂತಿತ್ತು. ಅದಕ್ಕೆ ಟವೆಲ್ ಚಿಕಿತ್ಸೆ: ಟವೆಲಿನ ಒಂದು ತುದಿಯನ್ನು ಎಡಗೈ ಹೆಗಲ ಮೇಲಿಂದ ಹಿಡಿದು ಮೆಲ್ಲಗೆ ಎಳೆಯಬೇಕು, ಇನ್ನೊಂದು ತುದಿ ಹಿಡಿದ ಬಲಗೈ ಬೆನ್ನ ಮೇಲೆ ಏರಬೇಕು. ಡಾಕ್ಟರು ಮೂಳೆ ಎಣಿಸಿಕೊಳ್ಳಲಿ, ನನಗೆ ಬೇಕಾದದ್ದು ತುರುಬು. ಇಷ್ಟು ದಿನ ನಮ್ಮವರು ಜಡೆ ಹೆಣೆದರು. ಅದು ಜಡೆಯೋ ತೆಂಗಿನ ನಾರಿನ ಹಗ್ಗವೋ ಎಂದು ಪಕ್ಕದ ಮನೆಯಾಕೆ ಕೇಳಿದ್ದನ್ನು ಅವರಿಗೆ ಹೇಳಿಲ್ಲ.

ಮೊನ್ನೆ ವಿಶಾಲಕೋನ ಬಂತು, ಬೆರಳು ಮಾವನವರ ಮೀಸೆಯನ್ನೂ ದಾಟಿತು. ನಮ್ಮವರು ಪೆನ್ಸಿಲ್ ಗುರುತು ಹಾಕಿ, ದೂರ ನಿಂತು ನೋಡಿ, "ಇಷ್ಟೆತ್ತರ ಹೋಗುತ್ತೆ ಅಂದಮೇಲೆ ಅಟ್ಟದ ಹಿತ್ತಾಳೆ ಪಾತ್ರೆ ಇಳಿಸಬಹುದಲ್ವೇನೇ?" ಅಂದರು.

"ಭಾರ ಎತ್ತೋ ಪಾಠ ಇನ್ನೂ ಶುರುವಾಗಿಲ್ಲ ರೀ," ಅಂದೆ. "ಅದು ಮುಂದಿನ ಟರ್ಮಿಗೆ. ಸ್ಟೂಲು ಹಿತ್ತಲಲ್ಲಿದೆ."